ಕರಾರಿಗೆ ಪದ ಬೇಕು: ಇಂಟೀರಿಯರ್, ಫಾಲ್ಸ್ ಸೀಲಿಂಗ್, ಲ್ಯಾಂಡ್‌ಸ್ಕೇಪಿಂಗ್

ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ತುರ್ತು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ನಮ್ಮ ಹೊಸ ಮನೆಯ ಗೋಡೆ, ಮಾಡು ಮುಗಿದಿದೆ. ಒಳಗಿನ ಕೆಲಸ, ಹೊರಗಿನ ಅಂಗಳದ ಕೆಲಸ ಎರಡನ್ನೂ ಒಬ್ಬರಿಗೇ ಗುತ್ತಿಗೆ ಕೊಡುತ್ತಿದ್ದೇವೆ. ಅವರು ಕೊಟ್ಟ ಪಟ್ಟಿ ಇಂಗ್ಲಿಷಿನಲ್ಲಿದೆ, ಮಾತಾಡುವುದು ಮಲಯಾಳ. ಜಾಗ ಮಾವನ ಹೆಸರಿನಲ್ಲಿದೆ, ಸಹಿ ಹಾಕುವವರೂ ಅವರೇ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ, ಓದದೆ ಸಹಿ ಹಾಕುವವರಲ್ಲ. ಹಾಗಾಗಿ ಕರಾರು ಕನ್ನಡದಲ್ಲೂ ಬೇಕು. ಭಾನುವಾರ ಸಹಿ.

ನಿಘಂಟು ನೋಡಿ ‘ಒಳಾಂಗಣ ವಿನ್ಯಾಸ’, ‘ತೋಟದ ವಿನ್ಯಾಸ’ ಅಂತ ಬರೆದು ತೋರಿಸಿದೆ. ‘ತೋಟಕ್ಕೆ ಇವರು ಎಂತ ಮಾಡುವುದು? ಗಿಡ ನೆಡಲಿಕ್ಕೆ ನನಗೆ ಗೊತ್ತಿಲ್ವಾ?’ ಅಂತ ಮಾವ ಕೇಳಿದರು. ಫಾಲ್ಸ್ ಸೀಲಿಂಗಿಗೆ ನಿಘಂಟಿನಲ್ಲಿ ಏನೂ ಸಿಗಲಿಲ್ಲ. ದಯವಿಟ್ಟು ಬೇಗ ತಿಳಿಸಿ.

ಬೆಂಗಳೂರಿನಿಂದ:

‘ಒಳಾಂಗಣ’ ತಪ್ಪು. ‘ಒಳ’ ಕನ್ನಡ, ‘ಅಂಗಣ’ ಸಂಸ್ಕೃತ. ಅರಿಸಮಾಸ. ಅದರ ಮೇಲೆ ಸವರ್ಣದೀರ್ಘ ಬೇರೆ. ಕನ್ನಡದ ‘ಒಳ’ಕ್ಕೆ ಸ್ವರ ಸೇರಿದರೆ ಲೋಪ ಆಗಬೇಕು, ದೀರ್ಘ ಎಲ್ಲಿಂದ ಬಂತು? ಪತ್ರಿಕೆಯವರು ಹಬ್ಬಿಸಿದ ಪದ ಇದು. ಒಳಮನೆ ಅಣಿ, ಹುಸಿಸೂರು, ನೆಲನೋಟ ಅಂತ ಬರೆಯಿರಿ. ಮೂರೂ ಅಚ್ಚಗನ್ನಡ.

ಮಂಗಳೂರಿನಿಂದ:

‘ಹುಸಿಸೂರು’ ಅಂದರೆ ಕೆಲಸದವನಿಗೆ ಏನು ತಿಳಿಯುತ್ತದೆ? ಇಂಟೀರಿಯರ್, ಸೀಲಿಂಗ್ ಅಂತ ಕನ್ನಡ ಅಕ್ಷರದಲ್ಲಿ ಬರೆದು ಮುಗಿಸಿ. ಜನೇಲು, ಚಾವಿ, ಮೇಸ್ತ್ರಿ ಪೋರ್ಚುಗೀಸರಿಂದ ಬಂದವು. ಕುರ್ಚಿ ಅರಬ್ಬಿಯದು. ಇವನ್ನೆಲ್ಲ ಹೊರಗೆ ಹಾಕಿದರೆ ಮನೆಯಲ್ಲಿ ಏನು ಉಳಿಯುತ್ತದೆ? ಬೆಂಗಳೂರಿನವರು ಪ್ರತಿ ಸಲ ಇದೇ ಮಾಡುತ್ತಾರೆ.

ಪೆರ್ಲದಿಂದ:

ಬದಿಯಡ್ಕದ ಅಕ್ಕ, ನಿಮ್ಮ ಮಾವ ಹೇಳಿದ್ದೇ ಸರಿ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಸೀಲಿಂಗ್ ನೋಡೋಣ.

‘ಸೂರು’ ಬೇಡವೇ ಬೇಡ. ಸೂರು ಅಂದರೆ ಮಾಡಿನ ಅಂಚು, ಮಳೆನೀರು ಇಳಿಯುವ ಕಡೆ. ತಲೆಗೊಂದು ಸೂರು ಅಂತ ಇಡೀ ಮನೆಗೂ ಹೇಳುತ್ತಾರೆ, ಸರಿ. ಆದರೆ ಒಳಗೆ ನಿಂತು ತಲೆ ಎತ್ತಿದಾಗ ಕಾಣುವುದಕ್ಕೆ ಹಾಗೆ ಯಾರೂ ಹೇಳುವುದಿಲ್ಲ. ಅದಕ್ಕೆ ನಮ್ಮಲ್ಲಿ ಪದ ಇದೆ: ಮುಚ್ಚಿಗೆ. ಹೆಂಚಿನ ಮನೆಗಳಲ್ಲಿ ಮಾಡಿನ ಕೆಳಗೆ ಅಡ್ಡಕ್ಕೆ ತೊಲೆ ಇಟ್ಟು, ಅದರ ಮೇಲೆ ಹಲಸಿನದ್ದೋ ಮತ್ತೊಂದೋ ಹಲಗೆ ಒತ್ತಾಗಿ ಜೋಡಿಸುತ್ತಿದ್ದರು. ಮೇಲೆ ನಿಂತರೆ ಅಟ್ಟ, ಕೆಳಗೆ ನಿಂತರೆ ಮುಚ್ಚಿಗೆ. ಅಟ್ಟದಲ್ಲಿ ಅಡಕೆ ಮೂಟೆ, ಹಳೆ ಪಾತ್ರೆ, ಏನು ಬೇಕಾದರೂ ಇಡಬಹುದಿತ್ತು.

ಈಗಿನದು ಬೇರೆ. ತಗಡಿನ ಚೌಕಟ್ಟನ್ನು ಸ್ಲ್ಯಾಬಿನಿಂದ ತೂಗಿಬಿಟ್ಟು, ಅದಕ್ಕೆ ಜಿಪ್ಸಂ ಬೋರ್ಡು ಸ್ಕ್ರೂ ಮಾಡುತ್ತಾರೆ. ಭಾರ ತಡೆಯುವುದಿಲ್ಲ, ನೀರು ತಾಗಿದರೆ ಕಲೆ ಬಿದ್ದು ಮೆತ್ತಗಾಗುತ್ತದೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಬರುವ ಊರು ನಮ್ಮದು. ಹಾಗಾಗಿ ಬರೀ ‘ಮುಚ್ಚಿಗೆ’ ಸಾಲದು, ‘ಜಿಪ್ಸಂ ಮುಚ್ಚಿಗೆ’ ಅಂತ ಸಾಮಗ್ರಿ ಸೇರಿಸಿಯೇ ಬರೆಯಿರಿ. ಯಾವ ಕೋಣೆಗೆ ಅಂತಲೂ ಬರೆಯಿರಿ.

‘ಒಳಾಂಗಣ’ದ ತಕರಾರು ಅರಿಸಮಾಸದ್ದಲ್ಲ. ಬಿರುದುಗಳಲ್ಲಿ, ಹಿಂದಿನವರು ಬಳಸಿದ ಮಾತುಗಳಲ್ಲಿ ಅರಿಸಮಾಸ ದೋಷವಲ್ಲ ಅಂತ 13ನೇ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟುಕೊಟ್ಟಿದ್ದಾನೆ. ಈ ಪದಕ್ಕೆ ಆ ವಿನಾಯಿತಿ ಸಿಗುತ್ತದೋ ಇಲ್ಲವೋ ಅಂತ ಆಮೇಲೆ ಜಗಳ ಮಾಡೋಣ. ಇಲ್ಲಿ ಕೆಡುವುದು ಅರ್ಥ. ಅಂಗಣ ಅಂದರೆ ಆಕಾಶ ಕಾಣುವ ಜಾಗ. ಒಳಗಿನ ಅಂಗಣ ಅಂದರೆ ತೊಟ್ಟಿ, ಮಲಯಾಳದವರ ನಡುಮುಟ್ಟಂ. ಈಗ ನಮ್ಮ ಕಡೆಯ ಹೊಸ ಮನೆಗಳಿಗೂ ಅದನ್ನು ಇಡಿಸುತ್ತಿದ್ದಾರೆ. ಕರಾರಿನಲ್ಲಿ ‘ಒಳಾಂಗಣದ ಕೆಲಸ’ ಅಂತ ಓದಿದರೆ ಮಾವ ಅದನ್ನೇ ತಿಳಿದುಕೊಂಡಾರು.

ಇಂಟೀರಿಯರ್‌ಗೆ ಒಂದೇ ಪದ ಹುಡುಕಬೇಡಿ. ‘ಒಳಗಿನ ಕೆಲಸ’ ಅಂತ ಮೇಲೆ ಬರೆದು ಕೆಳಗೆ ಬಿಡಿಸಿ: ಸಾರಣೆ, ಪುಟ್ಟಿ, ಪ್ರೈಮರ್, ಬಣ್ಣ, ಕಪಾಟು, ಅಡಿಗೆಕೋಣೆಯ ಕಟ್ಟೆ. ಸಾರಣೆ ಎಷ್ಟು ಚಂದದ ಪದ ನೋಡಿ. ಸೆಗಣಿ ಸಾರಿಸುವುದಕ್ಕೆ ಇದ್ದ ಮಾತು, ಸಿಮೆಂಟು ಬಂದಾಗ ಅದಕ್ಕೂ ನಿಂತಿತು. ಯಾರೂ ಕೂತು ಮಾಡಿದ ಪದವಲ್ಲ. ಗೋಡೆ ಮುರಕಲ್ಲಿನದ್ದಾದರೆ (ಜಂಬಿಟ್ಟಿಗೆ ಅಂತಲೂ ಹೇಳುತ್ತಾರೆ) ಯಾವುದಕ್ಕೆ ಸಾರಣೆ, ಯಾವುದನ್ನು ಕಲ್ಲು ಕಾಣುವ ಹಾಗೆ ಬಿಡುವುದು ಅಂತ ಗೋಡೆ ಲೆಕ್ಕದಲ್ಲಿ ಬರೆಯಬೇಕು. ಸಿಮೆಂಟು ಹತ್ತಿದ ಮುರಕಲ್ಲನ್ನು ಮೊದಲಿನ ಹಾಗೆ ಮಾಡಲಿಕ್ಕೆ ಆಗುವುದಿಲ್ಲ. ಸಿಟ್ಔಟ್ ಅಂತ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದು ಜಗಲಿ, ಎರಡನೇ ಮಾತಿಲ್ಲ.

ಈಗ ತೋಟ. ಮೈಸೂರು ಕಡೆ ಹೂವಿನ ತೋಟವೂ ತೋಟ. ಕಾಸರಗೋಡಿನಲ್ಲಿ ತೋಟ ಅಂದರೆ ಅಡಕೆ, ತೆಂಗು. 9 ಅಡಿಗೊಂದು ಅಡಕೆ ಗಿಡ, ನಡುವೆ ನೀರು ಹೋಗುವ ಕಣಿ, ಬಾಳೆ, ಕೊಕ್ಕೋ. 1916ರಲ್ಲಿ ತೆಂಗಿಗೆಂದು ಇಲ್ಲಿ ಶುರುವಾದ ಸಂಶೋಧನಾ ಕೇಂದ್ರ ಈಗ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆಗಿದೆ, ಅಲ್ಲಿಯವರು ನೋಡುವುದೂ ಈ ತೋಟವನ್ನೇ. ಮನೆ ಎದುರಿನದು ಅಂಗಳ. ತುಳುವಿನಲ್ಲೂ ಹವ್ಯಕರ ಮಾತಿನಲ್ಲೂ ಜಾಲು. ‘ಅಂಗಳದ ಕೆಲಸ’ ಅಂತ ಬರೆಯಿರಿ. ಅದರ ಕೆಳಗೆ ಇಂಟರ್‌ಲಾಕ್, ಹುಲ್ಲು, ಹೂಗಿಡ, ನೀರು ಹೋಗುವ ಚರಂಡಿ ಅಂತ ಬಿಡಿಸಿ. ಹುಲ್ಲು ಎಲ್ಲಿಂದ ಎಲ್ಲಿವರೆಗೆ ಅಂತ ಅಳತೆ ಹಾಕಿ. ಅಡಕೆ ಒಣಗಲು ಹೆಚ್ಚುಕಡಿಮೆ 40 ದಿನದ ಬಿಸಿಲು ಬೇಕು. ಇಡೀ ಜಾಲಿಗೆ ಹುಲ್ಲು ಹಾಸಿದರೆ ಅಡಕೆ ಎಲ್ಲಿ ಹರಗುತ್ತೀರಿ? ಇದನ್ನು ಸಹಿಗೆ ಮೊದಲೇ ಮಾವನ ಹತ್ತಿರ ಮಾತಾಡಿ.

ಸಾಲದ ಪದಗಳ ಬಗ್ಗೆ ಇಬ್ಬರಿಗೂ ಒಂದು ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನಂತರ ನಮ್ಮ ಕಷ್ಟ ಇಂಗ್ಲಿಷಿನದ್ದಲ್ಲ. ಪುಟ್ಟಿ, ಪ್ರೈಮರ್ ಬಂದರೆ ಕನ್ನಡಕ್ಕೆ ಏನೂ ಆಗುವುದಿಲ್ಲ. ಮಲಯಾಳ ಪದ ಬಂದರೂ ಬೇಸರವಿಲ್ಲ, ನೆರೆಕರೆಯವರ ಮಾತು ಅದು. ಬೇಸರ ಆಗುವುದು ಮಲಯಾಳ ವಾಕ್ಯವನ್ನೇ ಕನ್ನಡ ಅಕ್ಷರದಲ್ಲಿ ಇಳಿಸಿ ‘ಇದು ಕನ್ನಡ’ ಅಂತ ಕೈಗೆ ಕೊಟ್ಟಾಗ. ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದು ಅಂತ 1969ರ ಕೇರಳದ ಕಾನೂನಿನಲ್ಲೇ ಬರೆದಿಟ್ಟರು. ಆ ಹಕ್ಕು ಉಳಿಯಬೇಕಾದರೆ ಮುಚ್ಚಿಗೆ, ಸಾರಣೆ, ಜಗಲಿಯಂಥ ಪದ ಕಾಗದದ ಮೇಲೆ ಬರಬೇಕು. ‘ನೆಲನೋಟ’ ಬರೆದರೆ ನಮ್ಮವರೇ ‘ಇದಕ್ಕಿಂತ ಮಲಯಾಳವೇ ಸುಲಭ’ ಅನ್ನುತ್ತಾರೆ.

ಬೆಂಗಳೂರಿನಿಂದ:

‘ಮುಚ್ಚಿಗೆ’ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ. ಇಡೀ ನಾಡಿಗೆ ಸಲ್ಲುವ ಪದ ಬೇಕು.

ಪೆರ್ಲದಿಂದ:

ಕರಾರು ಬದಿಯಡ್ಕದ್ದು. ನಿಮಗೆ ತಿಳಿಯದಿದ್ದರೆ ಇವತ್ತು ತಿಳಿಯಿತಲ್ಲ, ಇಟ್ಟುಕೊಳ್ಳಿ. ಇಡೀ ನಾಡಿಗೆ ಸಲ್ಲುವ ಪದ ಹೊಸದಾಗಿ ಹುಟ್ಟಬೇಕು, ಕಾಸರಗೋಡಿನಿಂದ ಬರಬಾರದು ಅಂತ ಏನಿದೆ?

ಮಂಗಳೂರಿನಿಂದ:

ಮುಚ್ಚಿಗೆ ನಮ್ಮಲ್ಲೂ ಇದೆ. ಒಪ್ಪಿದೆ. ಆದರೆ ಪೈಂಟನ್ನು ‘ಬಣ್ಣ’ ಮಾಡಿದ್ದೇಕೆ? ಅದೂ ‘ವರ್ಣ’ದಿಂದ ಬಂದದ್ದೇ.

ಬದಿಯಡ್ಕದಿಂದ:

ಎಲ್ಲರಿಗೂ ಧನ್ಯವಾದ. ಒಳಗಿನ ಕೆಲಸ, ಜಿಪ್ಸಂ ಮುಚ್ಚಿಗೆ (ಚಾವಡಿಗೆ ಮಾತ್ರ), ಜಗಲಿ, ಅಂಗಳದ ಕೆಲಸ ಅಂತ ಬರೆದೆ. ಮಾವ ಒಂದೇ ಸಲಕ್ಕೆ ಓದಿದರು. ಹುಲ್ಲನ್ನು ಬಾವಿಕಟ್ಟೆಯ ಬದಿಗೆ ಮಾತ್ರ ಇಳಿಸಿದ್ದಾರೆ, ಉಳಿದ ಜಾಲು ಅಡಕೆಗೆ. ಸ್ಕರ್ಟಿಂಗಿಗೆ ಪದ ಸಿಗದೆ ಹಾಗೇ ಇಟ್ಟು, ‘ಗೋಡೆಯ ಬುಡಕ್ಕೆ 4 ಇಂಚು ಟೈಲ್ಸ್’ ಅಂತ ಪಕ್ಕದಲ್ಲಿ ಬರೆದಿದ್ದೇನೆ. ಯಾರಿಗಾದರೂ ಗೊತ್ತಿದ್ದರೆ ಶನಿವಾರದೊಳಗೆ ತಿಳಿಸಿ.