ಅಪ್‌ಡೇಟ್: ಸ್ಮಾಲ್ ಪ್ಲೇಟ್ಸ್ ರೆಸ್ಟೋರೆಂಟಿನಲ್ಲಿ ಅಪ್ಪ ಅಮ್ಮನ ಊಟ

ಇಂದಿರಾನಗರದ ದುಬಾರಿ ಸ್ಮಾಲ್ ಪ್ಲೇಟ್ಸ್ (ಹಂಚಿಕೊಂಡು ತಿನ್ನುವ ಪುಟ್ಟ ಪುಟ್ಟ ತಟ್ಟೆಗಳ) ರೆಸ್ಟೋರೆಂಟಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದ್ದೆ. ತುಂಬಿತು! ಎಲ್ಲವನ್ನೂ ಒಮ್ಮೆಗೇ ಹೇಳದೆ ಎರಡೆರಡೇ ತರಿಸಿ ಎಂಬ ಸಲಹೆ ಕೈ ಹಿಡಿಯಿತು. ಬಿಸಿಬಿಸಿಯಾಗಿ ತಿಂದೆವು, ಇಷ್ಟವಾದದ್ದನ್ನು ಮತ್ತೆ ತರಿಸಿದೆವು. ಹುರಿದ ಅಣಬೆಯ ತಟ್ಟೆಯನ್ನು ಅಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ಮನೆಯಲ್ಲಿ ಸ್ವಲ್ಪ ತಿಂದು ಹೋಗಿ ಎಂಬ ಸಲಹೆ ಮಾತ್ರ ಬೇಡ. ಉಪ್ಪಿಟ್ಟು ತಿಂದು ಬಂದಿದ್ದ ಅಪ್ಪನಿಗೆ ಮೊದಲು ಏನೂ ರುಚಿಸಲಿಲ್ಲ.

ಬಿಲ್ಲಿನಲ್ಲಿ ಶೇ 10ರಷ್ಟು ಸೇವಾ ಶುಲ್ಕವೂ ಸೇರಿತ್ತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯ ಪ್ರಕಾರ ಅದನ್ನು ತಾವಾಗಿಯೇ ಸೇರಿಸುವಂತಿಲ್ಲ; 2025ರಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಕೇಳಿದೊಡನೆ ತೆಗೆದರು, ಅದರ ಮೇಲಿನ ಜಿಎಸ್‌ಟಿಯೂ ಹೋಯಿತು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.