ತಾನೇ ಕಲಿತ ಚಿತ್ರಕಾರರಿಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಸಾಲಿಗಾಗಿ ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಕಲಬುರಗಿಯಲ್ಲಿ ನಮ್ಮ ಕಾಕಾ ಆಯಿಲ್ ಪೇಂಟಿಂಗ್ ಮಾಡುತ್ತಾರೆ. ಕಲಾಶಾಲೆಗೆ ಹೋದವರಲ್ಲ, ಅಂಗಡಿ ಬೋರ್ಡು ಬರೀತಾ ಬರೀತಾ ಕಲಿತವರು. ಮುಂದಿನ ತಿಂಗಳು ಅವರ ಚಿತ್ರಗಳ ಪ್ರದರ್ಶನ ಇದೆ. ಕಾರ್ಡಿಗೆ ನಾನೇ ಬರೆದೆ: ‘ಸ್ವಯಂಶಿಕ್ಷಿತ, ಸಾಂಪ್ರದಾಯಿಕ ವಾಸ್ತವವಾದಿ ತೈಲವರ್ಣ ಚಿತ್ರಕಾರರು’. ಕಾಕಾ ಓದಿದರು. ಕನ್ನಡಕ ತೆಗೆದು, ‘ಸಾಂಪ್ರದಾಯಿಕ ಅಂದ್ರ? ನಾ ಏನ್ ಸುರಪುರದ ಚಿತ್ರ ತೆಗಿತೀನೇನಪ್ಪಾ?’ ಅಂದರು.

ಅವರ ಮಾತು ಸರಿ. ನಮ್ಮ ಕಡೆ ಸಾಂಪ್ರದಾಯಿಕ ಚಿತ್ರ ಅಂದರೆ ಸುರಪುರ ಶೈಲಿ, ಇಲ್ಲವೇ ಮೈಸೂರು ಶೈಲಿ. ಸಣ್ಣ ಗೆರೆ, ಚಿನ್ನದ ರೇಕು, ದೇವರ ಚಿತ್ರ. ಕಾಕಾ ಮಾಡೋದು ಯುರೋಪಿನಿಂದ ಬಂದ ಹಳೇ ಪದ್ಧತಿ, ಎದುರಿಗಿರೋದನ್ನ ನೆರಳು-ಬೆಳಕು ಸಮೇತ ಕ್ಯಾನ್ವಾಸಿಗೆ ತರೋದು. ಅಲ್ಲಿನವರಿಗೆ ಅದು ಸಂಪ್ರದಾಯ, ನಮಗಲ್ಲ. ಹಾಗಾಗಿ ಆ ಪದ ಹೊಡೆದು ಹಾಕಿದೆ.

‘ವಾಸ್ತವವಾದಿ’ ಕೂಡ ನನಗೆ ಸರಿ ಕಾಣುತ್ತಿಲ್ಲ. ಕನ್ನಡದಲ್ಲಿ ಅದು ಕಥೆ-ಕಾದಂಬರಿಯ ಚರ್ಚೆಯಿಂದ ಬಂದ ಮಾತು, ಕೇಳಿದ ಕೂಡಲೇ ಬಡತನ, ಹೋರಾಟ, ಕಹಿ ಸತ್ಯ ನೆನಪಾಗುತ್ತದೆ. ಆದರೆ ಇದೇ ಊರಲ್ಲಿ 1916ರಲ್ಲಿ ಹುಟ್ಟಿದ, ಕ್ಯಾಲೆಂಡರ್ ಚಿತ್ರಗಳಿಗೆ ಹೆಸರಾದ ಚಿತ್ರಕಾರ ಎಸ್. ಎಂ. ಪಂಡಿತರು ಬರೆದದ್ದು ಪುರಾಣದ ದೇವರು-ದೇವತೆಯರನ್ನ, ಮೈಯ ಮಾಂಸಖಂಡ, ಚರ್ಮದ ಹೊಳಪು ಎಲ್ಲಾ ಜೀವಂತ ಮನುಷ್ಯರ ಹಾಗೆ. ಅದು ವಾಸ್ತವವಾದವೇ? ಅಲ್ಲ ಅಲ್ವಾ. ಅಲ್ಲಿ ನೈಜವಾಗಿರೋದು ಬರೆಯುವ ರೀತಿ, ವಿಷಯವಲ್ಲ. ಅದಕ್ಕೇ ‘ನೈಜ ಶೈಲಿ’ ವಾಸಿ ಅನಿಸುತ್ತದೆ.

ಜನ ಏನನ್ನುತ್ತಾರೆ ಅಂತಲೂ ಗಮನಿಸಿದೆ. ಕಾಕಾ ನಮ್ಮ ಅಜ್ಜಿ ರೊಟ್ಟಿ ಬಡಿಯೋದನ್ನ ಬರೆದಿದ್ದಾರೆ. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಉಬ್ಬಿದೆ, ಉಬ್ಬಿದ ಜಾಗದಲ್ಲಿ ಸಣ್ಣ ಕಂದು ಚುಕ್ಕೆ, ಅಜ್ಜಿಯ ಬಳೆಗೆ ಒಣಗಿದ ಹಿಟ್ಟು ಮೆತ್ತಿದೆ. ನೋಡಿದ ಪಕ್ಕದ ಮನೆಯವರು ಅಂದದ್ದು ಒಂದೇ ಮಾತು, ‘ಥೇಟ್ ಅವರಂಗೇ ಆದಾರ ನೋಡ್ರಿ’. ಈ ‘ಥೇಟ್’ ಮರಾಠಿಯಲ್ಲೂ ಇದೆ, ಅಲ್ಲಿ ‘ನೇರ’ ಅನ್ನೋ ಅರ್ಥವೂ ಉಂಟು. ಕಾರ್ಡಿಗೆ ಹಾಕೋಕಾಗಲ್ಲ ನಿಜ, ಆದರೆ ನಾನು ಹುಡುಕುತ್ತಿರೋ ಅರ್ಥ ಪೂರ್ತಿ ಅದರಲ್ಲಿದೆ.

‘ತೈಲವರ್ಣ’ ರೂಢಿಯಲ್ಲಿದೆ, ಇರಲಿ. ‘ಆಯಿಲ್ ಪೇಂಟ್’ ಅಂದರೆ ಇಲ್ಲಿ ಬಾಗಿಲಿಗೆ ಹಚ್ಚೋ ಬಣ್ಣ ಅಂದುಕೊಳ್ಳುತ್ತಾರೆ. ಅಂದ ಹಾಗೆ ಆ ತೈಲ ಅಗಸಿ ಎಣ್ಣೆ, ನಾವು ರೊಟ್ಟಿ ಜೊತೆ ತಿನ್ನೋ ಅಗಸಿ ಹಿಂಡಿಯ ಅದೇ ಅಗಸಿ. ಅದು ನೀರಿನ ಹಾಗೆ ಆರಿ ಹೋಗಲ್ಲ, ಗಾಳಿ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ.

ಇನ್ನು ಮುಖ್ಯ ಪ್ರಶ್ನೆ, ‘ಸ್ವಯಂಶಿಕ್ಷಿತ’. ಓದಿದರೆ ಸರ್ಕಾರಿ ಅರ್ಜಿಯ ಹಾಗಿದೆ. ‘ಸ್ವಯಂಕಲಿತ’ ಅಂತ ಕೆಲವರು ಬರೆಯುತ್ತಾರೆ, ಅದು ಅರಿಸಮಾಸ (ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು), ಜೊತೆಗೆ ‘ಸ್ವಯಂಚಾಲಿತ’ ಯಂತ್ರ ನೆನಪಾಗುತ್ತದೆ. ‘ತಾನೇ ಕಲಿತ’ ಚೆನ್ನಾಗಿದೆ, ಆದರೆ ಹಿರಿಯರಿಗೆ ‘ತಾವೇ ಕಲಿತ’ ಅನ್ನಬೇಕು. ಕಾಕಾನನ್ನೇ ಕೇಳಿದೆ. ‘ನಾ ಒಬ್ಬನೇ ಎಲ್ಲಿ ಕಲ್ತೀನಿ, ಪಂಡಿತರ ಕ್ಯಾಲೆಂಡರ್ ಮುಂದ ಕುಂತು ನೋಡ್ಕೋತ ನೋಡ್ಕೋತ ಕಲ್ತೀನಿ’ ಅಂದರು. ರಾಜಾ ರವಿವರ್ಮ ಕೂಡ ಹೀಗೇ. ತಿರುವಾಂಕೂರು ಅರಮನೆಗೆ ಬಂದಿದ್ದ ಯುರೋಪಿನ ಚಿತ್ರಕಾರ ಥಿಯೋಡರ್ ಜೆನ್ಸನ್ ಕೆಲಸ ಮಾಡೋದನ್ನ ನೋಡಿ ಎಣ್ಣೆ ಬಣ್ಣದ ಮರ್ಮ ತಿಳಿದುಕೊಂಡವರು.

ಹಾಗಾಗಿ ಈಗ ಬರೆದಿಟ್ಟಿರೋದು: ‘ನೋಡಿ ಕಲಿತ, ನೈಜ ಶೈಲಿಯ ತೈಲವರ್ಣ ಚಿತ್ರಕಾರರು’. ‘ನೋಡಿ ಕಲಿತ’ ಅಂದರೆ ಗುರು ಇರಲಿಲ್ಲ ಅನ್ನೋದು ಓದುವವರಿಗೆ ಗೊತ್ತಾಗುತ್ತದಾ? ಅಥವಾ ‘ನಕಲು ಮಾಡಿದವರು’ ಅಂತ ತಪ್ಪು ತಿಳಿಯುತ್ತಾರಾ? ನಿಮ್ಮ ಊರ ಕಡೆ ಇಂಥವರಿಗೆ ಬೇರೆ ಮಾತಿದ್ದರೆ ತಿಳಿಸಿ. ಶುಕ್ರವಾರ ಕಾರ್ಡು ಅಚ್ಚಿಗೆ ಕೊಡಬೇಕು.