ದೇಹದ ಗಡಿಯಾರವನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಶ್ನೆ: ಸರ್, ನಾನು ಪ್ರೌಢಶಾಲೆ ವಿಜ್ಞಾನ ಶಿಕ್ಷಕಿ. ದೇಹದೊಳಗಿನ ಗಡಿಯಾರದ ಬಗ್ಗೆ ಹೇಳುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಬೆಳಕಾದ್ರೆ ಏಳ್ತೀವಿ, ಕತ್ತಲಾದ್ರೆ ನಿದ್ದೆ ಬರುತ್ತೆ. ಅದಕ್ಕೆ ಒಳಗೆ ಬೇರೆ ಗಡಿಯಾರ ಯಾಕೆ ಮಿಸ್?’ ಅಂದ. ಬರೀ ಬಾಯಿಮಾತಿಗೆ ಒಪ್ಪುವ ಹುಡುಗನಲ್ಲ. ನಮ್ಮಲ್ಲಿ ಲ್ಯಾಬ್ ಇಲ್ಲ. ಏನು ಮಾಡಿ ತೋರಿಸಲಿ?

ಉತ್ತರ: ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ ಮೇಡಂ. ಕುಂಡದಲ್ಲಿ ಒಂದು ಮುಟ್ಟಿದರೆ ಮುನಿ ಗಿಡ ಬೆಳೆಸಿ. ಅದರ ಎಲೆ ರಾತ್ರಿ ಮುಚ್ಚಿ, ಬೆಳಿಗ್ಗೆ ಬಿಚ್ಚಿಕೊಳ್ಳುತ್ತದೆ. ಒಂದು ಸಂಜೆ ಅದನ್ನು ಬೆಳಕು ನುಸುಳದ ಕಪಾಟಿನಲ್ಲಿಟ್ಟು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯಿರಿ. ಮೆಲ್ಲಗೆ ತೆಗೆಯಬೇಕು, ಅಲುಗಿದರೆ ಎಲೆ ಮುದುಡಿ ಪ್ರಯೋಗವೇ ಕೆಡುತ್ತದೆ. ಬಿಸಿಲು ಕಾಣದಿದ್ದರೂ ಎಲೆ ಬಿಚ್ಚಿರುತ್ತದೆ. ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೇರಾನ್ 1729ರಲ್ಲಿ ನೋಡಿದ್ದು ಇದನ್ನೇ. ಆದರೆ ಒಳಗೇ ಗಡಿಯಾರವಿದೆ ಅಂತ ಅವರು ಹೇಳಲಿಲ್ಲ, ಸೂರ್ಯನನ್ನು ಕಾಣದೆಯೇ ಗಿಡಕ್ಕೆ ಅವನಿರವು ತಿಳಿಯುತ್ತದೆ ಅಂದುಕೊಂಡರು.

ಮರುಪ್ರಶ್ನೆ: ನಮ್ಮ ಹುಡುಗನೂ ಅದನ್ನೇ ಹೇಳ್ತಾನೆ ಸರ್! ಹಗಲಿನ ಬಿಸಿ ಕಪಾಟಿನೊಳಗೂ ಹೋಗುತ್ತಲ್ಲ ಅಂತ.

ಉತ್ತರ: ಹೇಳಲಿ, ಒಳ್ಳೆಯ ಆಕ್ಷೇಪಣೆ. ಕಪಾಟಿನ ಪ್ರಯೋಗ ಅರ್ಧ ಸಾಕ್ಷಿ ಅಷ್ಟೇ. ಉಳಿದರ್ಧ ಕೊಟ್ಟವರು ಸ್ವಿಸ್ ಸಸ್ಯಶಾಸ್ತ್ರಜ್ಞ ದ ಕಾಂದೋಲ್, 1832ರಲ್ಲಿ. ಹಗಲು ರಾತ್ರಿ ಒಂದೇ ಸಮ ಬೆಳಕಿನಲ್ಲಿಟ್ಟ ಗಿಡದ ಎಲೆ ಮುಚ್ಚಿ ಬಿಚ್ಚುವ ಸುತ್ತು 24 ಗಂಟೆಯದಾಗಿರಲಿಲ್ಲ, 22-23 ಗಂಟೆಗೇ ಮುಗಿಯುತ್ತಿತ್ತು. ಹೊರಗಿನ ಬಿಸಿಯೋ ಬಿಸಿಲೋ ನಡೆಸುತ್ತಿದ್ದರೆ ಸರಿಯಾಗಿ 24 ಬರಬೇಕಿತ್ತು. ಈ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿ: ಎಲೆ ಬಿಚ್ಚುವ ಹೊತ್ತು ದಿನಾ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಮನುಷ್ಯರಲ್ಲಿ ಸುತ್ತು 24ಕ್ಕಿಂತ ತುಸು ಉದ್ದ, ಬೆಳಗಿನ ಬೆಳಕು ಅದನ್ನು ದಿನಾ ತಿದ್ದುತ್ತದೆ. ಬೆಳಕಿನ ಕೆಲಸ ಮುಳ್ಳು ತಿರುಗಿಸುವುದಲ್ಲ, ಹೊತ್ತು ಸರಿಮಾಡುವುದು. ದೂರದ ಮಾತೂ ಅಲ್ಲ ಇದು: ಪ್ರೊ. ಎಂ.ಕೆ. ಚಂದ್ರಶೇಖರನ್ ಮಧುರೈಯಲ್ಲಿ, ಹೊರಗಿನ ಹೊತ್ತು ತಿಳಿಯದ ಕೋಣೆಯಲ್ಲಿ ಜನರನ್ನಿರಿಸಿ ಇಂಥದ್ದನ್ನೇ ಅಭ್ಯಾಸ ಮಾಡಿದ್ದರು.

ಇನ್ನೊಬ್ಬರು: ಮಗಳು ಹತ್ತನೇ ಕ್ಲಾಸು. ನಾಲ್ಕಕ್ಕೆ ಎಬ್ಬಿಸಿದರೆ ಪುಸ್ತಕದ ಮೇಲೇ ತೂಕಡಿಸುತ್ತಾಳೆ. ಸೋಮಾರಿತನವೇ ಡಾಕ್ಟ್ರೇ?

ಉತ್ತರ: ನಾನು ವೈದ್ಯನಲ್ಲ, ಸಸ್ಯಶಾಸ್ತ್ರದ ಮೇಷ್ಟ್ರು. ಆದರೂ ಇಷ್ಟು ಹೇಳಬಲ್ಲೆ: ಹದಿಹರೆಯದಲ್ಲಿ ಗಡಿಯಾರ ತಡವಾಗಿ ಓಡುತ್ತದೆ, ನಿದ್ದೆಯ ಹೊತ್ತೂ ಮುಂದಕ್ಕೆ ಹೋಗುತ್ತದೆ. ಮೈಯ ಬಿಸಿ ತೀರಾ ಇಳಿದಿರುವುದೂ ಬೆಳಗಿನ ಜಾವದಲ್ಲೇ. ರಾತ್ರಿ ಮೊಬೈಲನ್ನು ಕೋಣೆಯಾಚೆ ಇಡಿಸಿ, ಆರಕ್ಕೆ ಎಬ್ಬಿಸಿ ಅಂಗಳಕ್ಕೆ ಕಳಿಸಿ ನೋಡಿ.